ತಕ್ಕಡಿ ಹಿಡಿದ ಲವಾಸಿಯೆ

ನಮ್ಮ ಕಾಲೇಜಿನಲ್ಲಿ ಇತಿಹಾಸವನ್ನು ಓದುವವರಿಗೆಲ್ಲ ಫ್ರಾನ್ಸಿನ ಮಹಾಕ್ರಾಂತಿ ಚೆನ್ನಾಗಿ ಗೊತ್ತು. ರೊಬೆಸ್ಪಿಯರ್, ಮರಾ, ದಾಂತೋನ್ ಮುಂತಾದವರ ಹೆಸರುಗಳು ಪರೀಕ್ಷೆಯ ದಿನಗಳಲ್ಲಂತೂ ನಾಲಗೆಯ ತುದಿಯಲ್ಲಿಯೇ ಇರುತ್ತವೆ. ಆದರೆ ಅದೇ ಕ್ರಾಂತಿಯ ಗಿಲೊಟೀನಿಗೆ ತಲೆಯೊಡ್ಡಿದ ಲವಾಸಿಯೆಯನ್ನು ನಾವು ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿಯೇ ಬಿಟ್ಟು ಬಂದಿದ್ದೇವೆ. ಅಲ್ಲಿ ಅವನು ದ್ರವ್ಯನಿತ್ಯತ್ವದ ನಿಯಮವನ್ನು ಹೇಳಿದವನು, ಎರಡು ಅಂಕಗಳ ಪ್ರಶ್ನೆ, ಅಷ್ಟಕ್ಕೆ ಮುಗಿಯಿತು. ಬಿ.ಎ. ತರಗತಿಯವನಾದ ನಾನು ರಸಾಯನಶಾಸ್ತ್ರದ ವಿಷಯ ಬರೆಯಹೊರಟುದನ್ನು ಕಂಡು ಕೆಲವು ಮಿತ್ರರು ನಕ್ಕರು. ನಗಲಿ. ಈ ಮನುಷ್ಯನ ಜೀವನದಲ್ಲಿ ವಿಜ್ಞಾನವೆಲ್ಲಿ ಮುಗಿಯಿತು, ಇತಿಹಾಸವೆಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಸಾಧ್ಯವಿಲ್ಲವಾದ್ದರಿಂದ ನನಗೂ ಅವನ ಮೇಲೆ ಸ್ವಲ್ಪ ಅಧಿಕಾರವಿದೆಯೆಂದು ಭಾವಿಸಿದ್ದೇನೆ. ಅವನ ಹೆಸರನ್ನು ನಮ್ಮ ಪುಸ್ತಕಗಳು ಬಗೆಬಗೆಯಾಗಿ ಬರೆಯುತ್ತವೆ. ಫ್ರೆಂಚರ ಉಚ್ಚಾರಣೆಗೆ ಹತ್ತಿರವೆಂದು ನಾನು ಲವಾಸಿಯೆ ಎಂದೇ ಬರೆಯುತ್ತೇನೆ.

ಆಂತ್ವಾನ್ ಲೊರಾನ್ ಲವಾಸಿಯೆ 1743ನೆಯ ಇಸವಿ ಆಗಸ್ಟ್ 26ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ವಕೀಲ, ಅನುಕೂಲಸ್ಥರ ಮನೆ. ಐದು ವರ್ಷದ ಹುಡುಗನಾಗಿದ್ದಾಗಲೇ ತಾಯಿ ತೀರಿಕೊಂಡಳು; ಸೋದರತ್ತೆಯಂತೆಯೇ ಅಕ್ಕರೆಯಿಂದ ತಾಯಿಯ ತಂಗಿಯೊಬ್ಬಳು ಅವನನ್ನು ಸಾಕಿದಳು. ಮಜಾರಿನ್ ಕಾಲೇಜಿನಲ್ಲಿ ಓದಿ, ತಂದೆಯ ಇಚ್ಛೆಯಂತೆ ನ್ಯಾಯಶಾಸ್ತ್ರದ ಪದವಿಯನ್ನೂ ಪಡೆದನು. ಆದರೆ ಮನಸ್ಸು ನ್ಯಾಯಾಲಯದಲ್ಲಿರಲಿಲ್ಲ. ರುಯೆಲ್ ಎಂಬ ಅಧ್ಯಾಪಕನ ರಸಾಯನಶಾಸ್ತ್ರದ ಉಪನ್ಯಾಸಗಳಿಗೆ ಹೋಗುತ್ತಿದ್ದನು. ಗೆತ್ತಾರ್ ಎಂಬ ಭೂವಿಜ್ಞಾನಿಯೊಡನೆ ಬೆಟ್ಟಗುಡ್ಡಗಳನ್ನು ಸುತ್ತುತ್ತಿದ್ದನು. ಪ್ಯಾರಿಸಿನ ಬೀದಿಗಳಿಗೆ ದೀಪ ಹಾಕುವ ಉತ್ತಮ ಕ್ರಮವನ್ನು ಕುರಿತು ಬರೆದ ಪ್ರಬಂಧಕ್ಕೆ 1766ರಲ್ಲಿ ದೊರೆಯಿಂದ ಚಿನ್ನದ ಪದಕ ಬಂದಿತು. 1768ರಲ್ಲಿ, ಇಪ್ಪತ್ತೈದು ವರ್ಷ ತುಂಬುವ ವೇಳೆಗೆ, ವಿಜ್ಞಾನ ಅಕಾಡೆಮಿಯ ಸದಸ್ಯನಾದನು.

ಅದೇ 1768ರಲ್ಲಿ ಅವನು ಮತ್ತೊಂದು ಕೆಲಸವನ್ನು ಮಾಡಿದನು. ಫ್ರಾನ್ಸಿನಲ್ಲಿ ಆಗ ಉಪ್ಪು, ಹೊಗೆಸೊಪ್ಪು, ಊರೊಳಕ್ಕೆ ಬರುವ ಸರಕು ಇವುಗಳ ಮೇಲಿನ ತೆರಿಗೆಯನ್ನು ಸರ್ಕಾರವೇ ವಸೂಲು ಮಾಡುತ್ತಿರಲಿಲ್ಲ. ಶ್ರೀಮಂತರ ಒಂದು ಕೂಟ ದೊರೆಗೆ ಮುಂಗಡವಾಗಿ ಹಣ ಕೊಟ್ಟು, ಆಮೇಲೆ ಜನರಿಂದ ಲಾಭಸಹಿತವಾಗಿ ಅದನ್ನು ಎತ್ತಿಕೊಳ್ಳುತ್ತಿತ್ತು. ನಮ್ಮ ಕಡೆಯ ಹಳೆಯ ಇಜಾರೆ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲವಾಸಿಯೆ ಆ ಕೂಟದಲ್ಲಿ ಒಂದು ಪಾಲನ್ನು ಕೊಂಡನು. ಪ್ರಯೋಗಶಾಲೆಗೆ ಬೇಕಾದ ಹಣ ಇಲ್ಲಿಂದ ಬಂದಿತು. ಇಪ್ಪತ್ತಾರು ವರ್ಷಗಳ ತರುವಾಯ ಮರಣದಂಡನೆಯೂ ಇಲ್ಲಿಂದಲೇ ಬಂದಿತು.

ಅವನ ವಿವಾಹವೂ ಈ ಕೂಟದೊಳಗಿನ ಸಂಬಂಧವೇ. 1771ರಲ್ಲಿ ತನ್ನ ಹಿರಿಯ ಸಹೋದ್ಯೋಗಿಯಾಗಿದ್ದ ಪೋಲ್ಜ್ ಎಂಬುವನ ಮಗಳು ಮರಿ ಆನ್‌ಳನ್ನು ಮದುವೆಯಾದನು. ಅವನಿಗೆ 28, ಅವಳಿಗೆ 13. ಆ ಹುಡುಗಿ ಗಂಡನ ಪ್ರಯೋಗಶಾಲೆಯನ್ನೇ ತನ್ನ ಪಾಠಶಾಲೆಯಾಗಿ ಮಾಡಿಕೊಂಡಳು. ಗಂಡನಿಗೆ ಇಂಗ್ಲಿಷ್ ಬಾರದೆಂದು ತಾನು ಕಲಿತು, ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರ ಬರಹಗಳನ್ನು ಅವನಿಗಾಗಿ ಭಾಷಾಂತರಿಸಿದಳು. ದಾವೀದ್ ಎಂಬ ಪ್ರಸಿದ್ಧ ಚಿತ್ರಕಾರನಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿ, ಪ್ರಯೋಗಗಳ ಉಪಕರಣಗಳನ್ನು ಅಳತೆಗೆ ಸರಿಯಾಗಿ ಬರೆದಳು. ಪ್ರಯೋಗ ನಡೆಯುವಾಗ ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದವಳೂ ಅವಳೇ. ಬೆಳಗ್ಗೆ ಮೂರು ಗಂಟೆಯ ಕಾಲ, ರಾತ್ರಿ ಮೂರು ಗಂಟೆಯ ಕಾಲ ವಿಜ್ಞಾನಕ್ಕೆ. ನಡುವಣ ಹಗಲೆಲ್ಲ ಕಛೇರಿಗೆ. ವಾರಕ್ಕೊಂದು ದಿನ ಪೂರ್ತಿ ಪ್ರಯೋಗಶಾಲೆಗೆ. ಇದು ಅವರ ಮನೆಯ ದಿನಚರಿ. ಮಕ್ಕಳಾಗಲಿಲ್ಲ.

ಇನ್ನು ಅವನ ಶಾಸ್ತ್ರದ ವಿಚಾರ. ಸೌದೆ ಏಕೆ ಉರಿಯುತ್ತದೆ? ಇದು ಮಕ್ಕಳು ಕೇಳುವ ಪ್ರಶ್ನೆ. ಆ ಕಾಲದ ಪಂಡಿತರ ಉತ್ತರ ಹೀಗಿತ್ತು: ಉರಿಯುವ ವಸ್ತುಗಳಲ್ಲೆಲ್ಲ ಫ್ಲಾಜಿಸ್ಟನ್ ಎಂಬ ಒಂದು ದ್ರವ್ಯ ಅಡಗಿದೆ, ಉರಿಯುವಾಗ ಅದು ಹೊರಟುಹೋಗುತ್ತದೆ, ಉಳಿಯುವುದು ಬೂದಿ. ಮುಚ್ಚಿದ ಜಾಡಿಯಲ್ಲಿ ಮೇಣದಬತ್ತಿ ಆರುವುದೇಕೆ? ಜಾಡಿಯ ಗಾಳಿ ಇನ್ನಷ್ಟು ಫ್ಲಾಜಿಸ್ಟನನ್ನು ಹೀರಲಾರದೆ ತುಂಬಿಹೋದುದರಿಂದ. ಈ ಉತ್ತರವನ್ನು ಕೇಳಿ ನಗುವುದು ಇಂದು ಸುಲಭ. ಆದರೆ ಕಣ್ಣಿಗೆ ಕಾಣುವುದಷ್ಟನ್ನೇ ನಂಬಿದರೆ ಇದು ಬಹಳ ಒಪ್ಪುವ ಮಾತು. ಹೊರೆ ಸೌದೆ ಉರಿದರೆ ಹಿಡಿ ಬೂದಿ. ಏನೋ ಹೋಯಿತೆಂಬುದು ನಿಶ್ಚಯವಲ್ಲವೆ?

ತೊಡಕು ಬಂದುದು ಲೋಹಗಳಿಂದ. ತವರವನ್ನೋ ಸೀಸವನ್ನೋ ಗಾಳಿಯಲ್ಲಿ ಕಾಯಿಸಿದರೆ ಭಸ್ಮವಾಗುತ್ತದೆ. ಆ ಭಸ್ಮ ಮೂಲ ಲೋಹಕ್ಕಿಂತ ಭಾರವಾಗಿರುತ್ತದೆ. ಫ್ಲಾಜಿಸ್ಟನ್ ಹೊರಟುಹೋದ ಮೇಲೆ ತೂಕ ಹೆಚ್ಚುವುದು ಹೇಗೆ? ಈ ಸಂಗತಿ ಬಹಳ ಹಿಂದಿನಿಂದಲೇ ತಿಳಿದಿತ್ತು. ಯಾರೂ ಅದನ್ನು ಅಷ್ಟಾಗಿ ಗಣ್ಯಮಾಡಿರಲಿಲ್ಲ. ಕೆಲವರಂತೂ ಫ್ಲಾಜಿಸ್ಟನಿಗೆ ತೂಕ ಸೊನ್ನೆಗಿಂತ ಕಡಿಮೆ ಎನ್ನುವವರೆಗೂ ಹೋದರು! ಸಿದ್ಧಾಂತವನ್ನು ಉಳಿಸಿಕೊಳ್ಳಲು ಮನುಷ್ಯ ಎಷ್ಟು ದೂರ ನಡೆಯುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಲವಾಸಿಯೆಗೆ ತೂಕವೆಂದರೆ ಉಪೇಕ್ಷಿಸುವ ವಿಷಯವಾಗಿರಲಿಲ್ಲ. ಅವನ ಮೊದಲ ಪ್ರಯೋಗಗಳಲ್ಲೊಂದನ್ನು ನೋಡಿ. ನೀರನ್ನು ಬಹುಕಾಲ ಕುದಿಸಿದರೆ ಅದು ಮಣ್ಣಾಗಿ ಮಾರ್ಪಡುತ್ತದೆಂದು ಹಿಂದಿನವರು ನಂಬಿದ್ದರು. ಗಾಜಿನ ಪಾತ್ರೆಯ ತಳದಲ್ಲಿ ಮಣ್ಣಿನಂಥ ಪುಡಿ ಉಳಿಯುವುದೂ ನಿಜ. 1768ರ ಅಕ್ಟೋಬರಿನಲ್ಲಿ ಅವನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ನೀರನ್ನು ಕಾಯಿಸಲಾರಂಭಿಸಿ, 101 ದಿನಗಳ ಕಾಲ ಬಿಡದೆ ಕಾಯಿಸಿದನು. ಪುಡಿ ಕಾಣಿಸಿಕೊಂಡಿತು. ಆದರೆ ನೀರಿನ ತೂಕ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದುದು ಪಾತ್ರೆಯ ತೂಕ. ಪುಡಿ ಗಾಜಿನಿಂದ ಬಂದಿತ್ತು. ಮೂರು ತಿಂಗಳಿಗೂ ಮಿಕ್ಕಿದ ಕಾವು, ಒಂದು ತಕ್ಕಡಿ, ಇವುಗಳಿಂದ ಶತಮಾನಗಳ ನಂಬಿಕೆಯೊಂದು ಬಿದ್ದುಹೋಯಿತು. ತೆರಿಗೆಯ ಕಛೇರಿಯಲ್ಲಿ ಜಮಾ ಖರ್ಚುಗಳನ್ನು ತಾಳೆ ನೋಡುತ್ತಿದ್ದವನು ಪಾತ್ರೆಯೊಳಗೂ ಅದೇ ಲೆಕ್ಕವನ್ನು ಕೇಳಿದನೆಂದು ನನಗೆ ತೋರುತ್ತದೆ.

1772ರಲ್ಲಿ ರಂಜಕವನ್ನೂ ಗಂಧಕವನ್ನೂ ಉರಿಸಿ ನೋಡಿದನು. ಎರಡರ ತೂಕವೂ ಉರಿದ ಮೇಲೆ ಹೆಚ್ಚುತ್ತಿತ್ತು. ಇದರ ಮಹತ್ವವನ್ನು ಅರಿತು, ನವೆಂಬರ್ 1ರಂದು ಒಂದು ಟಿಪ್ಪಣಿಯನ್ನು ಬರೆದು ಮೊಹರು ಮಾಡಿ ಅಕಾಡೆಮಿಯ ವಶಕ್ಕೆ ಕೊಟ್ಟನು. ಬೇರೊಬ್ಬರು ತನಗಿಂತ ಮೊದಲು ಹೇಳಿಬಿಟ್ಟಾರೆಂಬ ಅಂಜಿಕೆ. ಆಮೇಲೆ ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯಿಯನ್ನು ಕರಗಿಸಿ ಮುಚ್ಚಿ ಕಾಯಿಸಿದನು. ಭಸ್ಮವಾಯಿತು, ಒಟ್ಟು ತೂಕದಲ್ಲಿ ಹೆಚ್ಚು ಕಡಿಮೆಯಿಲ್ಲ. ಪಾತ್ರೆಯ ಬಾಯಿಯನ್ನು ಮುರಿದಾಗ ಹೊರಗಿನ ಗಾಳಿ ಸುಯ್ಯೆಂದು ಒಳನುಗ್ಗಿತು. ಆಗ ತೂಕ ಹೆಚ್ಚಿತು. ಭಸ್ಮಕ್ಕೆ ಸೇರಿದ್ದು ಬೆಂಕಿಯ ಅಂಶವಲ್ಲ, ಪಾತ್ರೆಯೊಳಗಿದ್ದ ಗಾಳಿಯ ಅಂಶ. ರಷ್ಯದ ಲೊಮೊನೊಸೊವ್ 1756ರಲ್ಲಿಯೇ ಇಂಥದೊಂದು ಪ್ರಯೋಗ ಮಾಡಿದ್ದನೆಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಪಶ್ಚಿಮ ಯೂರೋಪಿನಲ್ಲಿ ಅದು ಹೆಚ್ಚು ಜನಕ್ಕೆ ತಿಳಿದಿರಲಿಲ್ಲ.

ಗಾಳಿಯೆಲ್ಲವೂ ಸೇರುತ್ತದೆಯೋ ಅಥವಾ ಅದರಲ್ಲೊಂದು ಭಾಗವೋ? ಇಲ್ಲಿಗೆ ಬಂದು ಅವನು ತಡೆದು ನಿಂತನು. ದಾರಿ ತೋರಿದವರು ಬೇರೆಯವರು. ಇಂಗ್ಲೆಂಡಿನ ಪಾದ್ರಿ ಜೋಸೆಫ್ ಪ್ರೀಸ್ಟ್‌ಲಿ 1774ರ ಆಗಸ್ಟ್ 1ರಂದು ಪಾದರಸದ ಕೆಂಪು ಭಸ್ಮವನ್ನು ಭೂತಕನ್ನಡಿಯಿಂದ ಕಾಯಿಸಿ, ಮೇಣದಬತ್ತಿಯನ್ನು ಅತ್ಯಂತ ಪ್ರಕಾಶದಿಂದ ಉರಿಸುವ ವಾಯುವೊಂದನ್ನು ಪಡೆದನು. ಅದೇ ಅಕ್ಟೋಬರಿನಲ್ಲಿ ಪ್ಯಾರಿಸಿಗೆ ಬಂದಿದ್ದಾಗ ಲವಾಸಿಯೆಯ ಮನೆಯ ಊಟದ ಮೇಜಿನ ಮುಂದೆ ಈ ಸಂಗತಿಯನ್ನು ಬಿಚ್ಚುಮನಸ್ಸಿನಿಂದ ಹೇಳಿಬಿಟ್ಟನು. ಸ್ವೀಡನ್ನಿನ ಔಷಧಿ ವ್ಯಾಪಾರಿ ಷೀಲೆ ಅದಕ್ಕೂ ಮೊದಲೇ ಈ ವಾಯುವನ್ನು ಕಂಡಿದ್ದನು. ಅವನೂ ಆ ಸೆಪ್ಟೆಂಬರಿನಲ್ಲಿ ಲವಾಸಿಯೆಗೆ ಕಾಗದ ಬರೆದನು. ಲವಾಸಿಯೆ ತನ್ನ ಮೊದಲ ಲೇಖನದಲ್ಲಿ ಈ ಇಬ್ಬರ ಹೆಸರನ್ನೂ ಎತ್ತಲಿಲ್ಲ.

ಅವನನ್ನು ಮೆಚ್ಚುವವನಾದರೂ ಈ ಒಂದು ವಿಷಯದಲ್ಲಿ ನಾನು ಅವನ ಪರವಾಗಿ ವಾದಿಸಲಾರೆ. ಆಸೆಯಿಂದ ಮೊಹರು ಮಾಡಿದ ಲಕೋಟೆಯನ್ನು ಇಟ್ಟವನಿಗೆ ಇತರರ ಹಕ್ಕಿನ ಅರಿವೂ ಇರಬೇಕಾಗಿತ್ತು. ಆದರೆ ನ್ಯಾಯದ ಮತ್ತೊಂದು ಮುಖವನ್ನೂ ನೋಡಬೇಕು. ಪ್ರೀಸ್ಟ್‌ಲಿ ಆ ವಾಯುವನ್ನು ಕೈಯಲ್ಲಿ ಹಿಡಿದೂ ಅದನ್ನು ಫ್ಲಾಜಿಸ್ಟನ್ ಕಳೆದುಕೊಂಡ ಗಾಳಿಯೆಂದೇ ತಿಳಿದನು. 1804ರಲ್ಲಿ ಅಮೆರಿಕದಲ್ಲಿ ಸಾಯುವವರೆಗೂ ಆ ನಂಬಿಕೆಯನ್ನು ಬಿಡಲಿಲ್ಲ. ವಸ್ತುವನ್ನು ಕಂಡವರು ಅವರು. ಅದು ಏನೆಂದು ಕಂಡವನು ಇವನು.

ಅದನ್ನು ತೋರಿಸಿದ ಪ್ರಯೋಗ ಪ್ರಸಿದ್ಧವಾದುದು. ನಾಲ್ಕು ಔನ್ಸ್ ಪಾದರಸವನ್ನು ಬಾಗಿದ ಕತ್ತಿನ ಪಾತ್ರೆಯಲ್ಲಿಟ್ಟು, ಅದಕ್ಕೆ ಹೊಂದಿಕೊಂಡಂತೆ 50 ಘನ ಅಂಗುಲ ಗಾಳಿಯನ್ನು ಬಿಟ್ಟು, ಹನ್ನೆರಡು ದಿನ ಕುದಿಯುವ ಮಟ್ಟದಲ್ಲಿ ಕಾಯಿಸಿದನು. ಪಾದರಸದ ಮೇಲೆ ಕೆಂಪು ಪೊರೆ ಕಟ್ಟಿತು. ಗಾಳಿ 42 ಅಥವಾ 43 ಘನ ಅಂಗುಲಕ್ಕೆ ಇಳಿಯಿತು. ಉಳಿದ ಗಾಳಿಯಲ್ಲಿ ದೀಪ ಆರಿತು, ಪ್ರಾಣಿ ಉಸಿರುಕಟ್ಟಿತು. ಆ ಕೆಂಪು ಭಸ್ಮವನ್ನು ಕೂಡಿಹಾಕಿ ತೂಗಿದನು: 45 ಗ್ರೇನ್. ಅದನ್ನು ಇನ್ನೂ ಹೆಚ್ಚು ಕಾವಿನಲ್ಲಿ ಕಾಯಿಸಿದಾಗ ನಲವತ್ತೊಂದೂವರೆ ಗ್ರೇನ್ ಪಾದರಸವೂ ಏಳೆಂಟು ಘನ ಅಂಗುಲ ವಾಯುವೂ ಬಂದುವು. ಕಳೆದುಹೋಗಿದ್ದ ಗಾಳಿ ಮರಳಿ ಸಿಕ್ಕಿತು! ಅದನ್ನು ಉಳಿದ ಗಾಳಿಗೆ ಬೆರೆಸಿದರೆ ಮತ್ತೆ ಸಾಧಾರಣ ಗಾಳಿ. ಕಡಮೆಯಾದ ಮೂರೂವರೆ ಗ್ರೇನ್ ತೂಕವೇ ಆ ವಾಯುವಿನ ತೂಕ. ಇಂದಿನ ಪರಮಾಣು ತೂಕಗಳಿಂದ ಗುಣಿಸಿ ನೋಡಿದರೆ 45 ಗ್ರೇನ್ ಭಸ್ಮದಲ್ಲಿ ಸುಮಾರು 3.3 ಗ್ರೇನ್ ಇರಬೇಕು. ಇನ್ನೂರೈವತ್ತು ವರ್ಷಗಳ ಹಿಂದಿನ ಕೈತಕ್ಕಡಿಗೆ ಇದು ಸಣ್ಣ ಸಾಧನೆಯಲ್ಲ.

ಈ ವಾಯುವಿಗೆ ಅವನು ಗ್ರೀಕ್ ಪದಗಳಿಂದ ಆಕ್ಸಿಜನ್ ಎಂದು ಹೆಸರಿಟ್ಟನು. ಹುಳಿಯನ್ನು ಹುಟ್ಟಿಸುವುದು ಎಂದರ್ಥ. ಏತಕ್ಕೆಂದರೆ ಗಂಧಕ, ರಂಜಕ, ಇಂಗಾಲ ಇವು ಉರಿದು ಬರುವ ವಸ್ತುಗಳನ್ನು ನೀರಿನಲ್ಲಿ ಕರಗಿಸಿದರೆ ಹುಳಿಯಾಗುತ್ತವೆ. ಆದ್ದರಿಂದ ಆಮ್ಲಗಳೆಲ್ಲದರ ಜನಕ ಇದೇ ಎಂದು ಅವನು ನಿರ್ಧರಿಸಿದನು. ಈ ನಿರ್ಧಾರ ತಪ್ಪು. ಲವಣಾಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲವೆಂದು 1810ರ ವೇಳೆಗೆ ಇಂಗ್ಲೆಂಡಿನ ಡೇವಿ ತೋರಿಸಿದನು. ಆಮ್ಲಕ್ಕೆ ಆಮ್ಲತ್ವ ಬರುವುದು ಹೆಚ್ಚಾಗಿ ಹೈಡ್ರೊಜನ್ನಿನಿಂದ. ಆದರೆ ಹೆಸರು ಉಳಿಯಿತು. ನಮ್ಮ ಕನ್ನಡದ ವಿದ್ವಾಂಸರು ಆ ಹೆಸರನ್ನು ಬಹು ಶ್ರದ್ಧೆಯಿಂದ ಅರ್ಥಸಹಿತವಾಗಿ ತಂದು ಆಮ್ಲಜನಕವೆಂದು ಕರೆದರು. ಹೀಗೆ ಪ್ಯಾರಿಸಿನ ಒಂದು ತಪ್ಪು ನಮ್ಮ ಊರಿನ ಶಾಲೆಯ ಕರಿಹಲಗೆಯ ಮೇಲೆ ನಿತ್ಯವೂ ಬರೆಯಲ್ಪಡುತ್ತಿದೆ! ಜಲಜನಕವೆಂಬ ಹೆಸರು ಮಾತ್ರ ಅರ್ಥಕ್ಕೆ ಒಪ್ಪುವಂಥದು.

ಆ ಜಲಜನಕದ ಕಥೆಯೂ ಇದೇ ರೀತಿಯದು. ಉರಿಯುವ ವಾಯುವೊಂದನ್ನು ಗಾಳಿಯಲ್ಲಿ ಉರಿಸಿದರೆ ನೀರು ಬರುತ್ತದೆಂದು ಮೊದಲು ಚೆನ್ನಾಗಿ ಪರೀಕ್ಷಿಸಿದವನು ಕ್ಯಾವೆಂಡಿಷ್. ಸುದ್ದಿ ಪ್ಯಾರಿಸಿಗೆ ಮುಟ್ಟಿದೊಡನೆ, 1783ರ ಜೂನ್ 24ರಂದು, ಲವಾಸಿಯೆಯೂ ಲಾಪ್ಲಾಸನೂ ಸೇರಿ ಅದನ್ನು ಮಾಡಿ ನೋಡಿದರು. ಆದರೆ ಲವಾಸಿಯೆ ಅಷ್ಟಕ್ಕೆ ನಿಲ್ಲಲಿಲ್ಲ. ಕೂಡಿಸುವುದಾದರೆ ಬಿಡಿಸುವುದೂ ಆಗಬೇಕೆಂದು, ಕೆಂಪಗೆ ಕಾದ ಕಬ್ಬಿಣದ ಬಂದೂಕದ ನಳಿಗೆಯಲ್ಲಿ ನೀರಿನ ಆವಿಯನ್ನು ಹಾಯಿಸಿದನು. ಕಬ್ಬಿಣ ಆಮ್ಲಜನಕವನ್ನು ಹಿಡಿದುಕೊಂಡಿತು. ಜಲಜನಕ ಮತ್ತೊಂದು ತುದಿಯಿಂದ ಹೊರಬಂದಿತು. ಗ್ರೀಕರ ಚತುರ್ಭೂತಗಳಲ್ಲಿ ಗಾಳಿ ಮೊದಲೇ ಒಡೆದಿತ್ತು. ಈಗ ನೀರೂ ಒಡೆಯಿತು. ಎರಡೂ ನಮ್ಮ ಪಂಚಭೂತಗಳಲ್ಲಿ ಸೇರಿದುವೇ ಆದುದರಿಂದ ನಷ್ಟ ಅವರೊಬ್ಬರದೇ ಅಲ್ಲ.

ಹಾಗಾದರೆ ಮೂಲವಸ್ತುವೆಂದರೆ ಯಾವುದು? ತತ್ತ್ವಜ್ಞಾನಿಗಳ ಹಾಗೆ ಜಗತ್ತು ಎಷ್ಟು ಭೂತಗಳಿಂದಾಗಿದೆಯೆಂದು ಅವನು ಮೊದಲೇ ಎಣಿಸಿ ಹೇಳಲಿಲ್ಲ. ನಮ್ಮ ಸಾಮರ್ಥ್ಯವನ್ನೆಲ್ಲ ಉಪಯೋಗಿಸಿದರೂ ಇನ್ನು ಬಿಡಿಸಲಾಗದುದು ಸದ್ಯಕ್ಕೆ ಮೂಲವಸ್ತು. ನಾಳೆ ಬಿಡಿಸಲಾದರೆ ಪಟ್ಟಿಯಿಂದ ತೆಗೆಯುವುದು. ಇಷ್ಟೇ. 1789ರಲ್ಲಿ ಪ್ರಕಟವಾದ ಅವನ ರಸಾಯನಶಾಸ್ತ್ರದ ಪ್ರಾಥಮಿಕ ಗ್ರಂಥದಲ್ಲಿ 33 ಮೂಲವಸ್ತುಗಳ ಪಟ್ಟಿಯಿದೆ. ಅದರಲ್ಲಿ ಬೆಳಕೂ ಉಷ್ಣವೂ ಸೇರಿಕೊಂಡಿವೆ, ಸುಣ್ಣವೂ ಇದೆ. ಸುಣ್ಣ ಮುಂತಾದುವು ನಿಜವಾಗಿ ಲೋಹಗಳ ಭಸ್ಮಗಳಿರಬಹುದೆಂದು ಅವನೇ ಅಲ್ಲಿ ಸಂಶಯಪಟ್ಟಿದ್ದಾನೆ. 1808ರಲ್ಲಿ ಡೇವಿ ವಿದ್ಯುತ್ತಿನಿಂದ ಸುಣ್ಣವನ್ನೊಡೆದು ಕ್ಯಾಲ್ಸಿಯಮನ್ನು ತೆಗೆದಾಗ ಆ ಸಂಶಯ ದಿಟವಾಯಿತು. ಆಮ್ಲದ ವಿಚಾರದಲ್ಲಿ ದುಡುಕಿದವನು ಸುಣ್ಣದ ವಿಚಾರದಲ್ಲಿ ಎಷ್ಟು ಎಚ್ಚರದಿಂದಿದ್ದನು!

ನಾವು ಬಾಯಿಪಾಠ ಮಾಡುವ ದ್ರವ್ಯನಿತ್ಯತ್ವದ ನಿಯಮ ಈ ಗ್ರಂಥದಲ್ಲಿ ಎಲ್ಲಿದೆಯೆಂಬುದು ಬಹಳ ಮಂದಿಗೆ ತಿಳಿಯದು. ಮೊದಲ ಪುಟದಲ್ಲಲ್ಲ, ದ್ರಾಕ್ಷಾರಸ ಹುಳಿತು ಮದ್ಯವಾಗುವುದನ್ನು ವಿವರಿಸುವ ಅಧ್ಯಾಯದ ನಡುವೆ. ಸಕ್ಕರೆ, ನೀರು, ಹುದುಗು ಇವು ಒಂದು ಕಡೆ; ಮದ್ಯಸಾರ, ಇಂಗಾಲಾಮ್ಲವಾಯು, ಉಳಿದ ಶೇಷ ಮತ್ತೊಂದು ಕಡೆ. ಎರಡು ಕಡೆಯ ತೂಕವೂ ಸಮನಾಗಿರಬೇಕು. ರಾಸಾಯನಿಕ ಸಮೀಕರಣವೆಂದು ಇಂದು ನಾವು ಬರೆಯುವುದರ ಬೀಜ ಇದು. ಪರಮಾಣುವಿನ ಹೃದಯವನ್ನೊಡೆಯುವ ಕ್ರಿಯೆಗಳಲ್ಲಿ ದ್ರವ್ಯದ ಒಂದಂಶ ಶಕ್ತಿಯಾಗುತ್ತದೆಂದು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು; ಅಡಿಗೆಮನೆಯ ಮತ್ತು ಪ್ರಯೋಗಶಾಲೆಯ ಸಾಧಾರಣ ಕ್ರಿಯೆಗಳಿಗೆ ಲವಾಸಿಯೆಯ ಲೆಕ್ಕವೇ ಸಾಕು.

ಇದಕ್ಕೆ ಎರಡು ವರ್ಷ ಮೊದಲು, 1787ರಲ್ಲಿ, ಗಿತೋನ್ ದ ಮೊರ್ವೋ, ಬೆರ್ತೊಲೆ, ಫುರ್ಕ್ರುವಾ ಎಂಬ ಮೂವರೊಡನೆ ಸೇರಿ ವಸ್ತುಗಳಿಗೆ ಹೊಸ ಹೆಸರುಗಳನ್ನಿಟ್ಟಿದ್ದನು. ವಿಟ್ರಿಯಲ್ ಎಣ್ಣೆ, ಆಂಟಿಮನಿಯ ಬೆಣ್ಣೆ, ಸತುವಿನ ಹೂವು ಇಂಥ ಕಾವ್ಯಮಯ ಹೆಸರುಗಳು ಹೋಗಿ, ವಸ್ತುವಿನಲ್ಲಿ ಏನಿದೆಯೋ ಅದನ್ನೇ ಹೇಳುವ ಹೆಸರುಗಳು ಬಂದುವು. ನಮ್ಮ ಮೈಲುತುತ್ತ ತಾಮ್ರದ ಸಲ್ಫೇಟ್ ಆಗುವುದು ಈ ಪದ್ಧತಿಯಿಂದಲೇ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಸತುವಿನ ಹೂವು ಹೋದುದಕ್ಕೆ ಕೊಂಚ ದುಃಖವಿದೆ. ಪರೀಕ್ಷೆಗೆ ಓದುವವರಿಗೆ ಇರಲಾರದು.

ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನವೆಂದು ತೋರಿಸಿದವನೂ ಅವನೇ. ಗಿನಿಯಿಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಹತ್ತು ಗಂಟೆಗಳಲ್ಲಿ ಅದರ ಮೈಕಾವಿಗೆ ಕರಗಿದ ಮಂಜನ್ನು ತೂಗಿದನು: ಸುಮಾರು 13 ಔನ್ಸ್. ಆ ಪ್ರಾಣಿ ಹೊರಬಿಡುವಷ್ಟೇ ಇಂಗಾಲಾಮ್ಲವಾಯುವನ್ನು ಕೊಡುವ ಇದ್ದಲನ್ನು ಉರಿಸಿದರೆ ಕರಗುವ ಮಂಜೂ ಅದಕ್ಕೆ ಹತ್ತಿರವಾಗಿತ್ತು.

ಇಷ್ಟೆಲ್ಲ ಅವನ ಬಿಡುವಿನ ಕೆಲಸ! 1775ರಿಂದ ಸರ್ಕಾರದ ಮದ್ದಿನ ಇಲಾಖೆಯನ್ನೂ ನೋಡಿಕೊಳ್ಳುತ್ತಿದ್ದನು. ಏಳು ವರ್ಷಗಳ ಯುದ್ಧದ ತರುವಾಯ ಭಾರತದ ಪೆಟ್ಲುಪ್ಪಿನ ವ್ಯಾಪಾರ ಇಂಗ್ಲಿಷರ ಕೈಸೇರಿ ಫ್ರಾನ್ಸಿಗೆ ಮದ್ದಿನ ಬರ ಬಂದಿತ್ತು. ಅವನ ಆಡಳಿತದಲ್ಲಿ ಅದು ನೀಗಿತು. 1788ರಲ್ಲಿ ಹೊಸ ಬಗೆಯ ಮದ್ದನ್ನು ಪರೀಕ್ಷಿಸುತ್ತಿದ್ದಾಗ ಸ್ಫೋಟವಾಗಿ ಇಬ್ಬರು ಸತ್ತರು. ಲವಾಸಿಯೆ ದಂಪತಿಗಳು ಕೂದಲೆಳೆಯಷ್ಟರಲ್ಲಿ ಉಳಿದರು. ಬ್ಲುವಾ ಪಟ್ಟಣದ ಹತ್ತಿರ ತನ್ನ ಜಮೀನಿನಲ್ಲಿ ಬೇಸಾಯದ ಪ್ರಯೋಗಗಳನ್ನು ನಡೆಸಿದನು. ಕ್ಷಾಮದ ವರ್ಷದಲ್ಲಿ ಆ ಪಟ್ಟಣಕ್ಕೆ ಧಾನ್ಯ ಕೊಳ್ಳಲು ಬಡ್ಡಿಯಿಲ್ಲದೆ ಹಣ ಕೊಟ್ಟನು.

ಆದರೆ ಪ್ಯಾರಿಸಿನ ಜನಕ್ಕೆ ಕಾಣುತ್ತಿದ್ದುದು ಬೇರೆ. ತೆರಿಗೆ ತಪ್ಪಿಸಿ ಸರಕು ಒಳಬರದಂತೆ ನಗರದ ಸುತ್ತ ಗೋಡೆ ಕಟ್ಟಬೇಕೆಂಬ ಸಲಹೆ ಲವಾಸಿಯೆಯದು. ಗೋಡೆ ಎದ್ದಿತು, ಅದರೊಡನೆ ಜನರ ಕೋಪವೂ ಎದ್ದಿತು. ಊಟದ ಉಪ್ಪಿಗೂ ತೆರಿಗೆ ತೆತ್ತವರ ಕೋಪ ಅನ್ಯಾಯವೆನ್ನಲು ನನಗೆ ಧೈರ್ಯವಿಲ್ಲ. ಮರಾ ಎಂಬುವನಿಗೆ ಇನ್ನೊಂದು ಕಾರಣವೂ ಇತ್ತು. ಕ್ರಾಂತಿಗೆ ಮೊದಲು ಬೆಂಕಿಯನ್ನು ಕುರಿತು ಅವನೊಂದು ಗ್ರಂಥ ಬರೆದಿದ್ದನು. ಅದನ್ನು ಅಕಾಡೆಮಿ ಒಪ್ಪಿದೆಯೆಂಬ ಸುದ್ದಿಯನ್ನು ಲವಾಸಿಯೆ ಅಲ್ಲಗಳೆದಿದ್ದನು. ಪತ್ರಿಕೆ ಕೈಗೆ ಬಂದಾಗ ಮರಾ ಅದನ್ನು ಮರೆಯಲಿಲ್ಲ. 1791ರಲ್ಲಿ ಲವಾಸಿಯೆಯನ್ನು ಹೆಸರು ಹಿಡಿದು ನಿಂದಿಸಿದನು.

ಕ್ರಾಂತಿಯ ಆರಂಭದಲ್ಲಿ ಲವಾಸಿಯೆ ಅದಕ್ಕೆ ವಿರೋಧಿಯಾಗಿರಲಿಲ್ಲ. ಹೊಸ ಮೆಟ್ರಿಕ್ ಪದ್ಧತಿಯ ಸಮಿತಿಯಲ್ಲಿದ್ದು, ಆಯುಯ್ ಎಂಬ ವಿಜ್ಞಾನಿಯೊಡನೆ ಶುದ್ಧಜಲವನ್ನು ತೂಗಿ ಹೊಸ ತೂಕದ ಮಾನವನ್ನು ಗೊತ್ತುಮಾಡುತ್ತಿದ್ದನು. ನಮ್ಮ ದೇಶದ ಅಂಗಡಿಗಳಿಗೆ 1958ರಿಂದ ಮೆಲ್ಲಮೆಲ್ಲಗೆ ಬಂದ ಗ್ರಾಂ, ಕಿಲೋಗ್ರಾಂಗಳ ಮೂಲ ಆ ಕೆಲಸದಲ್ಲಿದೆ. 1793ರ ಆಗಸ್ಟಿನಲ್ಲಿ ಅಕಾಡೆಮಿಯನ್ನೇ ಮುಚ್ಚಲಾಯಿತು. ನವೆಂಬರಿನಲ್ಲಿ ತೆರಿಗೆ ಕೂಟದವರನ್ನೆಲ್ಲ ಹಿಡಿಯಬೇಕೆಂದು ಆಜ್ಞೆಯಾಯಿತು. ಕೆಲವು ದಿನ ತಲೆತಪ್ಪಿಸಿಕೊಂಡಿದ್ದು, 28ರಂದು ಮಾವನೊಡನೆ ತಾನಾಗಿ ಹೋಗಿ ಸೆರೆಯಾದನು. ಅಳತೆಯ ಸಮಿತಿಯ ಬೋರ್ದಾನೂ ಆಯುಯ್ಯೂ ಅವನನ್ನು ಬಿಡಬೇಕೆಂದು ಬಿನ್ನವಿಸಿಕೊಂಡರು. ಫಲವಾಗಿ ಬಿಡುಗಡೆಯೇನೂ ಬರಲಿಲ್ಲ. ಬೋರ್ದಾನನ್ನೇ ಸಮಿತಿಯಿಂದ ತೆಗೆದರು. ನಾಮಕರಣದ ಗೆಳೆಯರಲ್ಲಿ ಗಿತೋನನೂ ಫುರ್ಕ್ರುವಾನೂ ಆಗ ರಾಷ್ಟ್ರಸಭೆಯ ಸದಸ್ಯರು. ಅವರ ಮಾತು ನಡೆಯುತ್ತಿತ್ತೋ ಇಲ್ಲವೋ, ಸಭೆಯಲ್ಲಿ ಆ ಮಾತಂತೂ ಕೇಳಿಬರಲಿಲ್ಲ. ಸೆರೆಮನೆಯಲ್ಲಿ ಲವಾಸಿಯೆ ತನ್ನ ಲೇಖನಗಳ ಸಂಪುಟವನ್ನು ಅಚ್ಚಿಗೆ ಸಿದ್ಧಮಾಡುತ್ತ ಕುಳಿತನು.

1794ರ ಮೇ 8ರಂದು ವಿಚಾರಣೆ. ಹೊಗೆಸೊಪ್ಪಿಗೆ ನೀರು ಬೆರೆಸಿ ಮಾರಿದರು, ರಾಷ್ಟ್ರಕ್ಕೆ ಸಲ್ಲಬೇಕಾದ ಹಣವನ್ನು ತಿಂದರು ಎಂದು ಆರೋಪ. ಬೆಳಗ್ಗೆ ಆರಂಭವಾಗಿ ಅದೇ ದಿನ ಮುಗಿಯಿತು. ಸಂಜೆಯೊಳಗೆ 28 ಮಂದಿಯ ತಲೆಗಳು ಉರುಳಿದುವು. ಮೂರನೆಯವನು ಪೋಲ್ಜ್, ನಾಲ್ಕನೆಯವನು ಲವಾಸಿಯೆ. ಆಗ ಅವನಿಗೆ ಐವತ್ತು ವರ್ಷ. ನ್ಯಾಯಾಧೀಶನು ಆಡಿದನೆಂದು ಪುಸ್ತಕಗಳಲ್ಲಿ ಬರುವ ಒಂದು ಪ್ರಸಿದ್ಧ ಮಾತಿಗೂ, ಕತ್ತರಿಸಿದ ತಲೆ ಕಣ್ಣು ಮಿಟುಕಿಸಿತೆಂಬ ಕಥೆಗೂ ಆಧಾರವಿಲ್ಲವಾದ್ದರಿಂದ ನಾನು ಅವನ್ನು ಇಲ್ಲಿ ಬರೆಯುವುದಿಲ್ಲ. ನಡೆದುದೇ ಸಾಕಷ್ಟಿದೆ.

ಒಂದೇ ದಿನ ತಂದೆಯನ್ನೂ ಗಂಡನನ್ನೂ ಕಳೆದುಕೊಂಡ ಮರಿ ಆನ್ ತಾನೂ ಕೆಲವು ವಾರ ಸೆರೆಯಲ್ಲಿದ್ದಳು. ಮರುವರ್ಷ ಸರ್ಕಾರ, ತಪ್ಪು ತೀರ್ಪಿಗೆ ಗುರಿಯಾದವನ ವಿಧವೆಗೆಂದು, ಜಪ್ತಿ ಮಾಡಿದ್ದ ಪುಸ್ತಕಗಳನ್ನೂ ಉಪಕರಣಗಳನ್ನೂ ಹಿಂದಿರುಗಿಸಿತು. ಸೆರೆಮನೆಯಲ್ಲಿ ಅರ್ಧಕ್ಕೆ ನಿಂತ ಸಂಪುಟವನ್ನು ಅವಳು ತನ್ನ ಖರ್ಚಿನಿಂದ ಹೊರತಂದು ಮಿತ್ರರಿಗೆ ಹಂಚಿದಳು. 1805ರಲ್ಲಿ ಕೌಂಟ್ ರಮ್ಫರ್ಡ್ ಎಂಬ ವಿಜ್ಞಾನಿಯನ್ನು ಮದುವೆಯಾದಳು. ಉಷ್ಣವು ದ್ರವ್ಯವಲ್ಲ, ಚಲನೆ ಎಂದು ಹೇಳಿ ಲವಾಸಿಯೆಯ ಪಟ್ಟಿಯಿಂದ ಒಂದು ಮೂಲವಸ್ತುವನ್ನು ಅಳಿಸಹೊರಟವನು ಅವನು. ಅವರ ಸಂಸಾರ ನಾಲ್ಕು ವರ್ಷ ನಡೆಯಿತು. ಲವಾಸಿಯೆ ಎಂಬ ಹೆಸರನ್ನು ಅವಳು ಆಗಲೂ ಬಿಟ್ಟಿರಲಿಲ್ಲ. 1836ರಲ್ಲಿ ತೀರಿಕೊಂಡಳು. ದಾವೀದ್ 1788ರಲ್ಲಿ ಬರೆದ ದಂಪತಿಗಳ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. 2021ರಲ್ಲಿ ಅದರ ಬಣ್ಣದ ಪದರಗಳನ್ನು ಪರೀಕ್ಷಿಸಿದಾಗ ಮೊದಲು ಬರೆದಿದ್ದುದು ಶೋಕಿಯ ಉಡುಪಿನ ಶ್ರೀಮಂತ ದಂಪತಿಗಳನ್ನೆಂದು ತಿಳಿಯಿತು. ಗಾಜಿನ ಉಪಕರಣಗಳು ಆಮೇಲೆ ಸೇರಿದುವು.

ಲವಾಸಿಯೆಗೆ ಸಮಾಧಿಯಿಲ್ಲ, ಎಲ್ಲರೊಡನೆ ಒಂದೇ ಗುಂಡಿಗೆ ಹಾಕಿದರು. 1900ರಲ್ಲಿ ಪ್ಯಾರಿಸಿನಲ್ಲಿ ಅವನ ಕಂಚಿನ ಪ್ರತಿಮೆಯೊಂದನ್ನು ನಿಲ್ಲಿಸಿದರು. ಶಿಲ್ಪಿ ಅದಕ್ಕೆ ಕೊಂಡೊರ್ಸೆ ಎಂಬ ಬೇರೊಬ್ಬ ವಿದ್ವಾಂಸನ ತಲೆಯನ್ನಿಟ್ಟಿದ್ದಾನೆಂದು ಆಮೇಲೆ ಗೊತ್ತಾಯಿತು. ಬದಲಾಯಿಸಲು ಹಣವಿರಲಿಲ್ಲವಾಗಿ ಹಾಗೆಯೇ ಬಿಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದನ್ನು ಲೋಹಕ್ಕಾಗಿ ಕರಗಿಸಿದರು.